ಚಿನಕುರಳಿ ಹಚ್ಚೋರು, ಕೂಳೆ ಕಾಯೋರು

ಮೂವತ್ತು ದಿನ ಪಟ್ಟು ಹಿಡಿದು ಕೂತು ಕಾದಂಬರಿ ಬರೆಯೋದರಲ್ಲಿ ತಪ್ಪೇನಿಲ್ಲ. ಮೂವತ್ತೊಂದನೇ ದಿನ ಅದನ್ನ ಅಚ್ಚಿಗೆ ಕಳಿಸೋದು ತಪ್ಪು. ಹತ್ತೊಂಬತ್ತನೇ ದಿನಕ್ಕೆ ನಿಂತುಹೋದವರನ್ನ ಸೋತವರು ಅಂತ ಕರೆಯೋದು ಅದಕ್ಕಿಂತ ದೊಡ್ಡ ತಪ್ಪು. ಈ ಮೂರು ಮಾತನ್ನ ಬಿಡಿಸಿ ಹೇಳೋಕೇ ಇದನ್ನ ಬರೀತಾ ಇದೀನಿ. ಇದರಿಂದ ಎರಡು ಕಡೆಯವರಿಗೂ ಸಿಟ್ಟು ಬರುತ್ತೆ ಅಂತ ಗೊತ್ತು. ಬರಲಿ.

ವಿಷಯ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕ್ರಿಸ್ ಬೇಟಿ ಅನ್ನೋರು ಸ್ನೇಹಿತರನ್ನ ಕಟ್ಟಿಕೊಂಡು, ಒಟ್ಟು 21 ಜನ, ಒಂದು ತಿಂಗಳಲ್ಲಿ ಒಂದೊಂದು ಕಾದಂಬರಿ ಬರೆಯೋ ಪಂದ್ಯ ಶುರುಮಾಡಿದರು. ಗುರಿ 50,000 ಪದ. ಹೆಸರು ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್, ಬಾಯಿಗೆ ಸಿಗೋ ಹಾಗೆ ನ್ಯಾನೊರೈಮೊ. ಮೊದಲ ಸಲ ಜುಲೈನಲ್ಲಿ ನಡೀತು. ಮರುವರ್ಷ ನವೆಂಬರಿಗೆ ಹಾಕಿದರು, ಯಾಕಂದ್ರೆ ಅಲ್ಲಿ ನವೆಂಬರಿನ ಹವಾ ಕೆಟ್ಟದಾಗಿರುತ್ತೆ, ಮನೆಯೊಳಗೆ ಕೂತು ಬರೆಯೋದಕ್ಕೆ ಅದೇ ವಾಸಿ ಅಂತ. ಆಮೇಲೆ ಲೋಕದ ತುಂಬ ಹಬ್ಬಿತು, ಲಕ್ಷಾಂತರ ಜನ ಸೇರಿದರು. 2024ರಲ್ಲಿ ಆ ಸಂಸ್ಥೆ, ಯಂತ್ರದ ಕೈಲಿ ಬರೆಸೋದನ್ನ ಸಾರಾಸಗಟು ವಿರೋಧಿಸೋದು ಸರಿಯಲ್ಲ ಅನ್ನೋ ಧಾಟಿಯಲ್ಲಿ ಹೇಳಿಕೆ ಕೊಟ್ಟು ಬರೆಯೋರ ಕೈಲೇ ಉಗಿಸಿಕೊಂಡಿತು. 2025ರ ಮಾರ್ಚ್ ಕೊನೆಯಲ್ಲಿ ಬಾಗಿಲು ಹಾಕ್ತೀವಿ ಅಂತ ಸಾರಿಬಿಟ್ಟಿತು.

ಅಂಗಡಿ ಮುಚ್ಚಿದರೂ ಚಾಳಿ ಉಳೀತು. ಈಗ ಕನ್ನಡದ ವಾಟ್ಸಾಪ್ ಗುಂಪುಗಳಲ್ಲೂ ಇದೇ ಪಂದ್ಯ. ದಿನಾ ರಾತ್ರಿ ಎಷ್ಟು ಪದ ಆಯ್ತು ಅಂತ ಒಪ್ಪಿಸಬೇಕು. ಮುಗಿಸಿದವರಿಗೆ ಚಪ್ಪಾಳೆ, ಮುಗಿಸದವರಿಗೆ ಮೌನ. ಡಿಸೆಂಬರ್ ಒಂದರ ಬೆಳಗ್ಗೆ ಗುಂಪು ಸತ್ತ ಮನೆ ಥರ ಆಗಿರುತ್ತೆ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಇಂಥ ಒಂದು ಗುಂಪಿಗೆ ಸೇರಿದ್ದಳು. ಹೊಲಿಗೆ ಕೆಲಸ, ಎರಡು ಮಕ್ಕಳು, ಮನೆ ಮುಂದೆ ಎರಡು ಹಸು. ಬರೆಯೋಕೆ ಹೊರಟಿದ್ದು ಕನ್ನಂಬಾಡಿ ಕಟ್ಟೆಗೆ ಊರು ಬಿಟ್ಟು ಬಂದ ಮುತ್ತಜ್ಜಿಯ ಕಥೆ. ಹತ್ತೊಂಬತ್ತು ದಿನ ಬರೆದಳು. ಆಮೇಲೆ ಸಿಕ್ಕಾಗ ಅಂದಿದ್ದು ಇಷ್ಟು: “ಅಣ್ಣೋ, ನಂದು ಹದ್ನೇಳು ಸಾವ್ರಕ್ಕೇ ನಿಂತೋಯ್ತು ಕಣಣ್ಣ. ನಮ್ಮಂತೋರ್ಗಲ್ಲ ಬುಡು ಇದು.”

ಹದಿನೇಳು ಸಾವಿರ ಪದ ಅಂದ್ರೆ ಪುಸ್ತಕದಲ್ಲಿ ಎಪ್ಪತ್ತು ಎಂಬತ್ತು ಪುಟ ಸ್ವಾಮಿ. ಮುಳುಗಿದ ಊರಿನ ಬಗ್ಗೆ, ಆ ಮನೆತನದವರ ಬಾಯಲ್ಲೇ ಕೇಳಿದ್ದನ್ನ, ಎಂಬತ್ತು ಪುಟ ಬರೆದವಳು “ನಮ್ಮಂತೋರ್ಗಲ್ಲ” ಅಂತ ಪೆನ್ನು ಕೆಳಗಿಡ್ತಾಳೆ ಅಂದ್ರೆ ಅದು ಯಾರ ಸೋಲು? ಅಳತೆಗೋಲು ಹಿಡ್ಕೊಂಡು ನಿಂತಿದ್ದೋರ ಸೋಲು ಅಂತ ನಾನು ಹೇಳ್ತೀನಿ. ಅವಳು ಬರೀದೇ ಇದ್ದರೆ ಆ ಕಥೆಯನ್ನ ಇನ್ಯಾರೂ ಬರೆಯಲ್ಲ. ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು ಮೂವತ್ತರ ದಶಕದ ಆರಂಭದಲ್ಲಿ. ಊರು ಬಿಟ್ಟವರಂತೂ ಹೋದರು, ಅವರ ಬಾಯಿಂದ ಕೇಳಿಸಿಕೊಂಡವರೂ ಒಬ್ಬೊಬ್ಬರೇ ಹೋಗ್ತಾ ಇದಾರೆ.

ಹಾಗಾಗಿ ಅಳತೆಗೋಲನ್ನ ಒಂದು ಸಲ ತಿರುಗಿಸಿ ನೋಡೋಣ.

50,000 ಪದವನ್ನ ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,667. ಒಬ್ಬರು ಗಂಟೆಗೆ 500 ಪದ ಬರೀತಾರೆ ಅಂತ ಇಟ್ಕೊಳ್ಳಿ, ಅದೇನೂ ಕಮ್ಮಿ ವೇಗ ಅಲ್ಲ. ಒಟ್ಟು ನೂರು ಗಂಟೆ ಬೇಕು. ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ, ಒಂದು ದಿನವೂ ತಪ್ಪದ ಹಾಗೆ. ಈ ಮೂರು ಗಂಟೆ ಇಪ್ಪತ್ತು ನಿಮಿಷ ಯಾರ ಹತ್ರ ಇದೆ? ಊಟ ಮಾಡಿದ ತಟ್ಟೆ ಇನ್ಯಾರೋ ತೊಳೆಯೋರ ಹತ್ರ ಇದೆ. ಸಂಬಳ ತಿಂಗಳ ಮೊದಲನೇ ತಾರೀಕು ತಾನಾಗೇ ಬೀಳೋರ ಹತ್ರ ಇದೆ. ಹಸು ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳ ಟಿಫನ್ ಬಾಕ್ಸ್ ಕಟ್ಟಿ, ಹಗಲೆಲ್ಲ ರವಿಕೆ ಹೊಲಿದು, ರಾತ್ರಿ ಹತ್ತಕ್ಕೆ ಕೂರೋಳ ಹತ್ರ ಇಲ್ಲ. ಪಂದ್ಯ ಎಲ್ಲರಿಗೂ ಒಂದೇ ಅಂತಾರೆ. ಓಟ ಒಂದೇ ಇರಬಹುದು, ಆದರೆ ಕೆಲವರು ಸೊಂಟದ ಮೇಲೆ ಮಗು ಹೊತ್ತು ಓಡ್ತಾ ಇದಾರೆ.

ಇನ್ನೊಂದು ವಿಷಯ. ಈ 50,000 ಇಂಗ್ಲಿಷಿನ ಲೆಕ್ಕ. ನಮ್ಮ ಭಾಷೆಯಲ್ಲಿ ಒಂದು ಪದ ಅಂದ್ರೆ ಒಂದು ಮೂಟೆ. “ಬರಬೇಕಾಗಿತ್ತಂತೆ” ಅನ್ನೋದು ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷಿನವರು “ಇಟ್ ಸೀಮ್ಸ್ ಹಿ ಶುಡ್ ಹ್ಯಾವ್ ಕಮ್” ಅಂತ ಆರು ಪದ ಮಾಡ್ತಾರೆ. “ಮನೆಯೊಳಗಿಂದಲೇ” ಅನ್ನೋದೂ ಹಾಗೇ. ವಿಭಕ್ತಿ, ಅವಧಾರಣೆ, ಕಾಲ, ಲಿಂಗ ಎಲ್ಲ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬರುತ್ತೆ. ಕನ್ನಡದಲ್ಲಿ 50,000 ಪದ ಬರೆದವರು ಆ ಪಂದ್ಯ ಕೇಳಿದ್ದಕ್ಕಿಂತ ತುಂಬಾ ಜಾಸ್ತಿ ಬರೆದಿರ್ತಾರೆ. ನನ್ನನ್ನ ಕೇಳಿದರೆ ಕನ್ನಡಕ್ಕೆ ಮೂವತ್ತೈದು ಸಾವಿರ ಧಾರಾಳವಾಗಿ ಸಾಕು. ಯಾರೋ ತಮ್ಮ ಭಾಷೆಗೆ ಹೊಲಿದುಕೊಂಡ ಅಂಗಿ ನಮಗೆ ಬಿಗಿ ಆಯ್ತು ಅಂತ ನಮ್ಮ ಮೈಯನ್ನ ಬೈದುಕೊಳ್ಳೋದು ಯಾವ ನ್ಯಾಯ?

ಮೂರನೇದು ತಿಂಗಳು. ನವೆಂಬರಿನಲ್ಲಿ ಅಲ್ಲಿ ಚಳಿ ಮಳೆ, ಸರಿ. ಇಲ್ಲಿ? ನಾಲೆ ಬಯಲಲ್ಲಿ ಭತ್ತ ಬಲಿತು ನಿಂತಿರುತ್ತೆ, ನಾಗಮಂಗಲದ ಕಡೆ ರಾಗಿ ಕುಯ್ಲು. ಕೂಲಿ ಆಳು ಸಿಗಲ್ಲ, ಮನೆಯವರೆಲ್ಲ ಗದ್ದೆಯಲ್ಲೇ. ಇದರ ಜೊತೆಗೆ ಕೆಲವು ವರ್ಷ ದೀಪಾವಳಿ, ಪ್ರತಿ ವರ್ಷ ರಾಜ್ಯೋತ್ಸವ. ವರ್ಷದಲ್ಲಿ ಬಿಡುವೇ ಇಲ್ಲದ ತಿಂಗಳನ್ನ ಆರಿಸಿಕೊಂಡು, ಬಿಡುವು ಸಿಗಲಿಲ್ಲ ಅಂತ ಅಳೋದು ನಮ್ಮ ಜಾಣತನ.

ಮೂವತ್ತು ದಿನದ ವ್ರತವೇ ಬೇಕು ಅಂದ್ರೆ ನಮ್ಮಲ್ಲೇ ಒಂದಿದೆ, ಧನುರ್ಮಾಸ. ಡಿಸೆಂಬರ್ ನಡುವೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತೆ. ಚಿನಕುರಳಿಯೂ ಮೇಲುಕೋಟೆಯೂ ಒಂದೇ ಪಾಂಡವಪುರ ತಾಲ್ಲೂಕು. ಅಲ್ಲಿ ಧನುರ್ಮಾಸ ಅಂದ್ರೆ ತಿರುಪ್ಪಾವೈ, ಗೋದಾದೇವಿಯ ಮೂವತ್ತು ಪಾಶುರ, ದಿನಕ್ಕೊಂದು. ನಾನಿಲ್ಲಿ ಭಕ್ತಿಯ ಮಾತು ಆಡ್ತಾ ಇಲ್ಲ, ಲೆಕ್ಕದ ಮಾತು ಆಡ್ತಾ ಇದೀನಿ. ದಿನಕ್ಕೆ ಒಂದು, ಬೆಳಗಿನ ಜಾವಕ್ಕೇ, ಅಷ್ಟೇ. ಇವತ್ತು ಐದು ಹೇಳಿ ನಾಳೆ ರಜಾ ಹಾಕ್ತೀನಿ ಅನ್ನೋ ಹಾಗಿಲ್ಲ. ನಿನಗಿಂತ ನಾನು ಜಾಸ್ತಿ ಅನ್ನೋ ಹಾಗೂ ಇಲ್ಲ. ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಕಣದಲ್ಲಿ ಒಕ್ಕಣೆ ಇದ್ದರೂ ಮಂಜು ಆರೋವರೆಗೂ ಶುರುಮಾಡೋ ಹಾಗಿಲ್ಲ. ಕತ್ತಲು ಬಿಡೋ ಮುಂಚಿನ ಒಂದು ಗಂಟೆ ಯಾರ ಕಣ್ಣಿಗೂ ಬೀಳದೆ ಸಿಗುತ್ತೆ. ಸಾವಿರದ ಆರುನೂರು ಬೇಡ, ಐನೂರು ಪದ ಬರೆದರೆ ಸಾಕು. ಸಂಕ್ರಾಂತಿ ಹೊತ್ತಿಗೆ ಹದಿನೈದು ಸಾವಿರ.

ಹದಿನೈದು ಸಾವಿರಕ್ಕೆ ಕಾದಂಬರಿ ಆಗಲ್ವಲ್ಲ ಅಂತೀರಿ. ಆಗಲ್ಲ. ಅಲ್ಲಿಗೇ ಬರ್ತೀನಿ. ಅದಕ್ಕೂ ಮುಂಚೆ ಈ ಪಂದ್ಯವನ್ನ ದೂರದಿಂದ ನೋಡಿ ನಗೋರಿಗೆ ಎರಡು ಮಾತು ಹೇಳಬೇಕು.

“ತಿಂಗಳಲ್ಲಿ ಕಾದಂಬರಿಯಂತೆ! ಸಾಹಿತ್ಯ ಅಂದ್ರೆ ತಪಸ್ಸು ರೀ” ಅಂತ ವೇದಿಕೆ ಮೇಲೆ ಶಾಲು ಸರಿಮಾಡಿಕೊಳ್ತಾ ಹೇಳೋರಿದಾರೆ. ಅವರಿಗೆ ಕನ್ನಡ ಕಾದಂಬರಿಯ ಚರಿತ್ರೆ ಮರೆತುಹೋಗಿದೆ. ಅ.ನ.ಕೃ. ಬರೆದಿದ್ದು ನೂರಕ್ಕೂ ಹೆಚ್ಚು ಕಾದಂಬರಿ. ಕಾರಂತರು, ಯಕ್ಷಗಾನ, ವಿಶ್ವಕೋಶ, ಓಡಾಟ, ಚಳವಳಿ ಎಲ್ಲದರ ನಡುವೆ ನಲವತ್ತಕ್ಕೂ ಹೆಚ್ಚು. ತ್ರಿವೇಣಿ ಹುಟ್ಟಿದ್ದು 1928, ತೀರಿಕೊಂಡಿದ್ದು 1963. ಮೂವತ್ತೈದು ತುಂಬದ ಬದುಕಿನಲ್ಲಿ, ಅದರಲ್ಲೂ ಬರೆಯೋದಕ್ಕೆ ಸಿಕ್ಕ ಹತ್ತು ಚಿಲ್ಲರೆ ವರ್ಷದಲ್ಲಿ, ಇಪ್ಪತ್ತರಷ್ಟು ಕಾದಂಬರಿ. ಇವರೆಲ್ಲ ನಿಧಾನಕ್ಕೆ ಹಲ್ಲುಕಡ್ಡಿ ಕಚ್ಚಿಕೊಂಡು ಬರೆದೋರಾ? ವೇಗವಾಗಿ ಬರೆಯೋದು ಪಾಪ ಆಗಿದ್ದರೆ ನಮ್ಮ ಅಮ್ಮಂದಿರು ಓದಿದ ಅರ್ಧ ಪುಸ್ತಕಗಳು ಹುಟ್ತಾನೇ ಇರಲಿಲ್ಲ.

ಹಾಗಂತ ನಿಧಾನ ಪಾಪವೂ ಅಲ್ಲ. ಕುವೆಂಪು ಅವರ ಕಾನೂರು ಹೆಗ್ಗಡಿತಿ ಬಂದಿದ್ದು 1936ರಲ್ಲಿ, ಮಲೆಗಳಲ್ಲಿ ಮದುಮಗಳು ಬಂದಿದ್ದು 1967ರಲ್ಲಿ. ನಡುವೆ ಮೂವತ್ತೊಂದು ವರ್ಷ. ಎಂ.ಕೆ. ಇಂದಿರಾ ಕಾದಂಬರಿಗೆ ಇಳಿದಿದ್ದೇ ನಲವತ್ತು ದಾಟಿದ ಮೇಲೆ. ತುಂಗಭದ್ರಾ 1963ರಲ್ಲಿ ಬಂತು, ಫಣಿಯಮ್ಮ 1976ರಲ್ಲಿ. ನಮ್ಮ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ‘ದೇವರು’ ಪುಸ್ತಕ ಕೊಟ್ಟಿದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ಮೇಲುಕೋಟೆಯ ಪು.ತಿ.ನ. ಕಚೇರಿ ಕೆಲಸದ ಜೊತೆಗೇ ಬರೆದರು. ಯಾರಿಗೂ ಯಾರ ಗಡಿಯಾರವೂ ಹೊಂದಲಿಲ್ಲ. ಎಲ್ಲರಿಗೂ ಸಮ ಇದ್ದಿದ್ದು ಒಂದೇ, ನಿಂತಮೇಲೂ ಮತ್ತೆ ಕೂತರು.

ಈ “ಮತ್ತೆ ಕೂರೋದು” ಹೇಗೆ ಅನ್ನೋದೇ ನಿಜವಾದ ಪ್ರಶ್ನೆ. ಅದಕ್ಕೆ ಪಂದ್ಯದವರ ಹತ್ರ ಇರೋ ಉತ್ತರ ಮೋಟಿವೇಷನ್ ಅನ್ನೋ ಒಂದೇ ಪದ. ದಿನಾ ಬೆಳಗ್ಗೆ ಗುಂಪಿಗೆ ಒಂದು ಸೂರ್ಯೋದಯದ ಚಿತ್ರ, ಅದರ ಮೇಲೆ ಒಂದು ಸುಭಾಷಿತ. ನಿನ್ನೊಳಗಿನ ಬೆಂಕಿ, ನಿನ್ನೊಳಗಿನ ಸಿಂಹ. ಹಂಗಂದ್ರೆ ಬರೆಯೋಕೆ ಆಗದೆ ಇದ್ದೋಳ ಒಳಗೆ ಬೆಂಕಿ ಇರಲಿಲ್ಲ ಅಂತ ಆಯ್ತಲ್ಲ? ಸೌದೆ ಒಲೆ ಮುಂದೆ ಕೂತವಳಿಗೆ ಬೆಂಕಿ ಇಲ್ಲ ಅನ್ನೋಕೆ ಎಷ್ಟು ಧೈರ್ಯ ಬೇಕು.

ನಮ್ಮ ವಿ.ಸಿ. ನಾಲೆ ಬಯಲಿನ ರೈತನನ್ನ ನೋಡಿ. ಕಟ್ಟೆಯಲ್ಲಿ ನೀರು ಕಮ್ಮಿ ಆದ ವರ್ಷ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರೆ. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ನೀರು ಬಂದ ದಿನ ರಾತ್ರಿ ಎರಡು ಗಂಟೆ ಆಗಲಿ, ಹಾವು ಚೇಳು ಇರಲಿ, ಬ್ಯಾಟರಿ ಹಿಡ್ಕೊಂಡು ಹೋಗಿ ಗದ್ದೆಗೆ ತಿರುಗಿಸಿ ಬರ್ತಾನೆ. ಅವನನ್ನ ಯಾರಾದರೂ “ಏನಣ್ಣ, ಇವತ್ತು ಸ್ಫೂರ್ತಿ ಇತ್ತಾ” ಅಂತ ಕೇಳಿದ್ದುಂಟಾ? ಸರದಿ ಇತ್ತು, ಹೋದ. ನೀರು ನಿಂತ ದಿನ ಅವನು ತನ್ನನ್ನ ಸೋಮಾರಿ ಅಂತ ಬೈದುಕೊಳ್ಳೋದೂ ಇಲ್ಲ. ಅವತ್ತು ಬದು ಸರಿಮಾಡ್ತಾನೆ, ಸಂತೆಗೆ ಹೋಗ್ತಾನೆ, ಮಲಗ್ತಾನೆ. ನಿಂತ ದಿನವೂ ಪದ್ಧತಿಯ ಒಳಗೇ ಇದೆ.

ದಿನಾ ಬರೆದರೇ ಬರಹಗಾರ ಅನ್ನೋದು ನಮ್ಮಂಥ ಊರಿನವರ ಕತ್ತಿಗೆ ಹಾಕಿದ ಕುಣಿಕೆ. ದಿನಾ ಅಂತ ಶಪಥ ಮಾಡಿದವರು ಒಂದು ದಿನ ತಪ್ಪಿದ ಕೂಡಲೇ ಇಡೀ ಶಪಥವನ್ನೇ ಬಿಟ್ಟುಬಿಡ್ತಾರೆ. ವಾರಕ್ಕೆ ಮೂರು ಸರದಿ ಅಂತ ಇಟ್ಕೊಳ್ಳಿ. ಮಂಗಳವಾರ, ಗುರುವಾರ, ಭಾನುವಾರ, ಒಂದೊಂದು ಗಂಟೆ, ಐನೂರೈನೂರು ಪದ. ಧನುರ್ಮಾಸದಲ್ಲಿ ಹದಿನೈದು ಸಾವಿರ ಬಂತಲ್ಲ, ಕನ್ನಡಕ್ಕೆ ಬೇಕಾದ ಮೂವತ್ತೈದರಲ್ಲಿ ಉಳಿದಿದ್ದು ಇಪ್ಪತ್ತು. ಅದಕ್ಕೆ ನಲವತ್ತು ಸರದಿ ಸಾಕು. ಹದಿನಾಲ್ಕು ವಾರ. ಸಂಕ್ರಾಂತಿಯಿಂದ ಲೆಕ್ಕ ಹಾಕಿದರೆ ಯುಗಾದಿ ಆಗಿ ಸ್ವಲ್ಪ ದಿನಕ್ಕೆಲ್ಲ ಕರಡು ಕೈಯಲ್ಲಿರುತ್ತೆ. ಮನೆಯಲ್ಲಿ ಸಾವು, ಹೆರಿಗೆ, ಆಸ್ಪತ್ರೆ ಅಂತ ಇನ್ನೊಂದು ಮೂರು ತಿಂಗಳು ಹೋದರೂ ಹಾಕಿದ ಕಬ್ಬು ಕಟಾವಿಗೆ ಬರೋದರೊಳಗೆ ಮುಗಿಯುತ್ತೆ. ಕಬ್ಬಿಗೆ ವರ್ಷ ಕಾಯೋ ಜನ ನಾವು, ಕಾದಂಬರಿಗೆ ಮೂವತ್ತೇ ದಿನ ಅಂತ ಯಾಕೆ ಹಟ ಹಿಡೀತೀವೋ.

ಸರದಿಗಿಂತ ದೊಡ್ಡದು ಇನ್ನೊಂದಿದೆ, ಕಾಯೋರು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರ್ತಿದ್ದ ಕಾಲ ನೆನೆಸಿಕೊಳ್ಳಿ. ಸುಧಾ ಶುರುವಾಗಿದ್ದು 1965ರಲ್ಲಿ, ತರಂಗ 1983ರಲ್ಲಿ. ಈ ವಾರದ ಕಂತು ಓದಿ ಮುಂದಿನ ವಾರಕ್ಕೆ ಕಾಯೋ ಮನೆಗಳು ಊರೂರಲ್ಲೂ ಇದ್ವು. ಒಂದು ಪ್ರತಿ ಹತ್ತು ಮನೆ ಸುತ್ತಿ, ಕೊನೆಗೆ ಅಂಗಡಿ ಪೊಟ್ಟಣ ಆಗೋದು. ಕಂತು ಕಂತಾಗಿ ಬರೆದು ಕಳಿಸ್ತಿದ್ದ ಲೇಖಕರಿಗೆ ಜ್ವರ ಬಂದರೂ ಸಂಪಾದಕರು ಬಿಡ್ತಿರಲಿಲ್ಲ, ಓದುಗರೂ ಬಿಡ್ತಿರಲಿಲ್ಲ. ಅವರ ಒಳಗೆ ಸಿಂಹ ಇತ್ತೋ ಇಲ್ವೋ ಗೊತ್ತಿಲ್ಲ, ಮನೆ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಇದ್ದ.

ನ್ಯಾನೊರೈಮೊದಲ್ಲೂ ಕೆಲಸ ಮಾಡಿದ್ದು ಇದೇ. ನಾನೂ ಒಂದು ಸಲ ಮೂವತ್ತು ದಿನ ಕೂತು ಬರೆದವನೇ, ಗುರಿ ಮುಟ್ಟಿದವನೇ. ನನ್ನನ್ನ ಎಬ್ಬಿಸಿ ಕೂರಿಸಿದ್ದು 1,667 ಅನ್ನೋ ಸಂಖ್ಯೆ ಅಲ್ಲ. ನಾನು ಬರೆದೆನಾ ಅಂತ ರಾತ್ರಿ ಕೇಳೋ ನಾಲ್ಕು ಜನ ಇದ್ದರು, ಅದಕ್ಕೇ ಕೂತೆ. ಸಂಖ್ಯೆಯನ್ನ ಕಿತ್ತು ಬಿಸಾಕಿ ಆ ನಾಲ್ಕು ಜನರನ್ನ ಉಳಿಸ್ಕೊಳ್ಳಿ ಅನ್ನೋದೇ ನನ್ನ ವಾದ. ಗುಂಪುಗಳು ಮಾಡ್ತಿರೋದು ತದ್ವಿರುದ್ಧ. ಸಂಖ್ಯೆ ಮುಗಿದ ದಿನ ಜನರನ್ನ ಬಿಟ್ಟುಬಿಡ್ತವೆ.

ಈಗ ಮುಗಿದ ಮೇಲಿನ ಮಾತು. ಪಂದ್ಯದವರು ಇದರ ಬಗ್ಗೆ ಬಾಯಿ ಬಿಡೋದೇ ಕಮ್ಮಿ, ನಿಜವಾದ ಕೆಲಸ ಶುರುವಾಗೋದೇ ಇಲ್ಲಿ.

ಚಿನಕುರಳಿ ಅಂದ್ರೆ ಬೇರೆ ಊರಿನವರಿಗೆ ಪಟಾಕಿ. ಪತ್ರಿಕೆ ಓದೋರಿಗೆ ಪ್ರಜಾವಾಣಿಯ ಮೊದಲ ಪುಟದ ವ್ಯಂಗ್ಯಚಿತ್ರ. ನಮ್ಮೂರ ಹೆಸರು ಕೇಳಿದವರೆಲ್ಲ ಒಂದು ಸಲ ನಕ್ಕೇ ನಗ್ತಾರೆ. ಹೆಸರು ಪಟಾಕಿಯದ್ದಾದರೂ ನಾವು ಬದುಕೋದು ಕಬ್ಬಿನ ಮೇಲೆ. ಪಟಾಕಿಯವರಿಗೂ ಕಬ್ಬಿನವರಿಗೂ ಇರೋ ವ್ಯತ್ಯಾಸ ನವೆಂಬರ್ ಮೂವತ್ತರ ರಾತ್ರಿ ಗೊತ್ತಾಗುತ್ತೆ. ಸರ ಹಚ್ಚಿದೋರು ಸದ್ದು ಮುಗಿದ ಮೇಲೆ ಕಾಗದದ ಚೂರು ನೋಡ್ತಾ ನಿಂತಿರ್ತಾರೆ. ಕೈ ಖಾಲಿ, ಕಿವಿ ಗುಂಯ್. ಎಷ್ಟೋ ಜನ ಡಿಸೆಂಬರ್ ಪೂರ್ತಿ ಇದೇ ಸ್ಥಿತಿಯಲ್ಲಿರ್ತಾರೆ. ಏನೂ ಮಾಡೋಕೆ ಮನಸ್ಸಿಲ್ಲ, ಬರೆದಿದ್ದನ್ನ ನೋಡಿದರೆ ವಾಕರಿಕೆ, ಬರೆಯದೆ ಇದ್ದರೆ ತಪ್ಪಿತಸ್ಥ ಭಾವನೆ.

ಕಬ್ಬು ಕಡಿದೋನು ಹೊಲ ಬಿಟ್ಟು ಬರಲ್ಲ. ಕಟಾವು ಆದ ಮೇಲೆ ನೆಲದಲ್ಲಿ ಉಳಿಯೋ ಮೋಟು ಇದೆಯಲ್ಲ, ಅದು ಕೂಳೆ. ಅದರಿಂದಲೇ ಮುಂದಿನ ಬೆಳೆ. ಬಿತ್ತನೆ ಕಬ್ಬು ಕೊಳ್ಳೋ ಹಾಗಿಲ್ಲ, ಹೊಸದಾಗಿ ಉಳೋ ಹಾಗಿಲ್ಲ, ಖರ್ಚು ಕಮ್ಮಿ, ಬೆಳೆಯೂ ಬೇಗ ಬರುತ್ತೆ. ಒಂದೇ ಷರತ್ತು, ತಕ್ಷಣ ನೋಡ್ಕೋಬೇಕು. ಮೇಲೆ ಉಳಿದ ಮೋಟನ್ನ ನೆಲದ ಮಟ್ಟಕ್ಕೆ ಸವರಬೇಕು, ಇಲ್ಲದೆ ಇದ್ದರೆ ಮೇಲಿನ ಗಿಣ್ಣಿಂದ ಬಲವಿಲ್ಲದ ಮೊಳಕೆ ಬರುತ್ತೆ. ಬೇರು ಸತ್ತಿರೋ ಕಡೆ ಹೊಸ ಸಸಿ ತುಂಬಬೇಕು. ನೀರು, ಗೊಬ್ಬರ ತಡ ಮಾಡೋ ಹಾಗಿಲ್ಲ. ಬಿಟ್ಟರೆ ಇಳುವರಿ ನೆಲ ಕಚ್ಚುತ್ತೆ.

ಕರಡು ಮುಗಿಸಿದವರಿಗೆ ಎಲ್ಲ ಕಡೆ ಸಿಗೋ ಸಲಹೆ ಏನು ಗೊತ್ತಾ? ಆರು ತಿಂಗಳು ಬೀರುವಿನಲ್ಲಿಟ್ಟು ಮರೆತುಬಿಡಿ, ಆಮೇಲೆ ಹೊಸ ಕಣ್ಣಿಂದ ನೋಡಿ. ಬರವಣಿಗೆಯನ್ನೇ ಕಸುಬು ಮಾಡಿಕೊಂಡವರಿಗೆ ಇದು ಸರಿ ಇರಬಹುದು. ನಮ್ಮಂಥವರಿಗೆ ವಿಷ. ಬೀರುವಿಗೆ ಹೋದ ನೋಟ್‌ಬುಕ್ ಆರು ತಿಂಗಳಿಗೆ ಹೊರಗೆ ಬರಲ್ಲ. ಮಗಳ ಮದುವೆಗೆ ಸುಣ್ಣ ಬಳಿಯೋವಾಗ ಬರುತ್ತೆ, ಆಗ ಅದರ ಜಾಗ ತೂಕದ ರದ್ದಿ. ಒಂದು ವಾರ ಸುಧಾರಿಸ್ಕೊಳ್ಳಿ, ಸಾಕು. ಆ ವಾರದಲ್ಲಿ ಮನೆಯ ಸಾಲ ತೀರಿಸಿ. ಮೂವತ್ತು ದಿನ ನಿಮ್ಮ ಪಾಲಿನ ಕೆಲಸವನ್ನ ಯಾರೋ ಹೊತ್ತಿರ್ತಾರೆ, ಗಂಡನೋ ಅತ್ತೆಯೋ ದೊಡ್ಡ ಮಗಳೋ. ಅವರಿಗೆ ರಜಾ ಕೊಡಿ. ಇಲ್ಲದೆ ಇದ್ದರೆ ಮುಂದಿನ ಸರದಿಗೆ ಬಾಗಿಲು ತೆಗೆಯಲ್ಲ. ಸಂಕ್ರಾಂತಿಗೆ ಮುಗಿಸಿದರೆ ಇದೆಲ್ಲ ತಾನಾಗೇ ಆಗುತ್ತೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸಿ, ಎಳ್ಳು ಬೀರಿ, ಊಟ ಮಾಡಿ ಮಲಗಿದರೆ ತಿಂಗಳ ವ್ರತಕ್ಕೆ ಒಂದು ಗಂಟು ಬೀಳುತ್ತೆ. ಹಿಂದಿನವರು ವ್ರತದ ಕೊನೆಗೆ ಹಬ್ಬ ಇಟ್ಟಿದ್ದು ಸುಮ್ಮನೆ ಅಲ್ಲ.

ಎಂಟನೇ ದಿನ ಕುಡುಗೋಲು ತಗೊಳ್ಳಿ. ತಿದ್ದಿ ಬರೆಯೋದು ಆಮೇಲೆ, ಮೊದಲು ಸವರೋದು. ಮೊದಲ ಇಪ್ಪತ್ತು ಪುಟ ಸಾಮಾನ್ಯವಾಗಿ ನಾವು ಕಥೆ ಹುಡುಕ್ತಾ ಓಡಾಡಿರೋದು, ಓದುಗನಿಗೆ ಬೇಡ. ಪದದ ಲೆಕ್ಕಕ್ಕೆ ಅಂತ ಹಾಕಿದ ಸೂರ್ಯೋದಯ, ಕನಸು, ಕನ್ನಡಿ ಮುಂದೆ ನಿಂತು ನೆನಪಿಸಿಕೊಳ್ಳೋದು, ಎಲ್ಲ ಹೋಗಲಿ. ಎಲ್ಲಿ ಪಾತ್ರ ಸತ್ತು ಮಲಗಿದೆಯೋ ಅಲ್ಲಿ ಗುರುತು ಹಾಕಿ, ಸಸಿ ತುಂಬೋ ಜಾಗ ಅದು. ಇಷ್ಟು ಮಾಡಿಟ್ಟರೆ ಬೇರು ಬದುಕಿರುತ್ತೆ. ಹದಿನೇಳು ಸಾವಿರಕ್ಕೆ ನಿಂತವರಿಗೂ ಇದೇ ಮಾತು. ನಿಮ್ಮದು ನಿಂತ ಓಟ ಅಲ್ಲ, ಮೊದಲ ಕಟಾವು.

ಪಂದ್ಯದಲ್ಲಿ ಗೆದ್ದು ಹೆಸರಾದ ಇಂಗ್ಲಿಷ್ ಪುಸ್ತಕಗಳ ಕಥೆಯೂ ಇದೇ ಹೇಳುತ್ತೆ. ಎರಿನ್ ಮಾರ್ಗನ್‌ಸ್ಟರ್ನ್ ಬರೆದ ದಿ ನೈಟ್ ಸರ್ಕಸ್ ಒಂದು ನವೆಂಬರಿನ ಫಸಲು ಅಲ್ಲ. ಹಲವು ನವೆಂಬರ್‌ಗಳಲ್ಲಿ ಬರೆದ ತುಣುಕುಗಳನ್ನ ಮತ್ತೆ ಮತ್ತೆ ಒಡೆದು ಕಟ್ಟಿ, 2011ರಲ್ಲಿ ಪುಸ್ತಕ ಆಯ್ತು. ಜಾಹೀರಾತಿನಲ್ಲಿ ನವೆಂಬರ್ ಕಾಣುತ್ತೆ, ಆಮೇಲಿನ ವರ್ಷಗಳು ಕಾಣಲ್ಲ.

ಆ ವರ್ಷಗಳನ್ನ ಹಾರಿಸಿಬಿಡೋ ದಂಧೆಯೂ ಈಗ ಶುರುವಾಗಿದೆ. ದುಡ್ಡು ಕೊಡಿ, ಹದಿನೈದು ದಿನದಲ್ಲಿ ನಿಮ್ಮ ಕಾದಂಬರಿ ಪುಸ್ತಕ, ಜೊತೆಗೊಂದು ಪ್ರಮಾಣಪತ್ರ, ಒಂದು ಬಿಡುಗಡೆ ಫೋಟೋ. ಆಲೆಮನೆ ನೋಡಿದ ಯಾರಿಗಾದರೂ ಗೊತ್ತು, ಗಾಣದಿಂದ ಬಂದ ಹಾಲನ್ನ ನೇರ ಅಚ್ಚಿಗೆ ಹೊಯ್ದರೆ ಬೆಲ್ಲ ಆಗಲ್ಲ. ಕೊಪ್ಪರಿಗೆಯಲ್ಲಿ ಕುದೀಬೇಕು, ಮೇಲೆ ಬರೋ ಕೊಳೆ ತೆಗೀಬೇಕು, ಹದ ನೋಡೋ ಕೈ ಬೇಕು. ಕೊಪ್ಪರಿಗೆ ತುಂಬ ಇದ್ದ ಹಾಲು ಇಂಗಿ ಇಂಗಿ ಕೊನೆಗೆ ಒಂದಿಷ್ಟು ಅಚ್ಚು. ಪುಸ್ತಕದ ಅಚ್ಚಿಗೂ ಬೆಲ್ಲದ ಅಚ್ಚಿಗೂ ಕನ್ನಡದಲ್ಲಿ ಒಂದೇ ಪದ ಇರೋದನ್ನ ಈ ದಂಧೆಯವರು ಒಂದು ಸಲ ಯೋಚನೆ ಮಾಡಲಿ. ಹಸಿ ಹಾಲು ಮಾರಿ ದುಡ್ಡು ಮಾಡ್ಕೊಂಡು ಅವರು ಹೋಗ್ತಾರೆ. ಹುಳಿ ಬಂದ ಪುಸ್ತಕ ಮನೆಯ ಅಟ್ಟದ ಮೇಲೆ ಕೂತು, ಬರೆದವರಿಗೆ ಇನ್ನೊಂದು ಬರೆಯೋ ಆಸೆಯನ್ನೇ ಕೊಲ್ಲುತ್ತೆ.

ಗೆದ್ದ ಮೇಲೆ ಬದಲಾಗೋದೂ ಒಂದು ಹೊಂದಾಣಿಕೆಯೇ. ಕಿಕ್ಕೇರಿಯ ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆ 1942ರಲ್ಲಿ ಬಂತು, ನಾಡು ಮರುಳಾಯ್ತು. ಜೀವನ ಪೂರ್ತಿ ಅದೇ ಹೂವನ್ನ ಪೋಣಿಸಿಕೊಂಡು ಇರಬಹುದಿತ್ತು. 1958ರ ಶಿಲಾಲತೆ ಹೊತ್ತಿಗೆ ದಾರಿಯನ್ನೇ ಬದಲಿಸಿದ್ದರು, ಅರ್ಧ ಶತಮಾನಕ್ಕೂ ಹೆಚ್ಚು ಬರೆದರು. ಒಂದು ಸಲ ಬಂದ ಪದ ಅದೇ ಥರ ಮತ್ತೆ ಬರಲಿಲ್ಲ ಅಂತ ಕೊರಗೋರು ನೆನಪಿಡಬೇಕಾದ ಮಾತಿದು.

ಕೊನೆಗೆ, ಇದನ್ನೆಲ್ಲ ಬರೆಯೋರ ತಲೆ ಮೇಲೇ ಹೊರಿಸಿ ಮುಗಿಸಿದರೆ ನಾನೂ ಆ ಸುಭಾಷಿತದವರ ಸಾಲಿಗೇ ಸೇರ್ತೀನಿ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಬಾಡೂಟ ಬೇಕು ಅಂತ ನಮ್ಮ ಜಿಲ್ಲೆಯವರು ಹಟ ಹಿಡಿದಿದ್ದು ನಾಡಿಗೆಲ್ಲ ಗೊತ್ತು. ಅದರಲ್ಲಿ ತಪ್ಪೇನಿಲ್ಲ, ಊಟವೂ ಸಂಸ್ಕೃತಿಯೇ. ಅದೇ ಹಟವನ್ನ ಇನ್ನೊಂದು ವಿಷಯಕ್ಕೂ ಹಿಡಿಯೋಣ. ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದೀವಿ. ವಾರಕ್ಕೆ ಒಂದು ಸಂಜೆ ಎರಡು ಗಂಟೆ ಆ ಬಾಗಿಲು ಬರೆಯೋರಿಗೆ ತೆಗೆದಿರಲಿ. ಒಂದು ಮೇಜು, ನಾಲ್ಕು ಕುರ್ಚಿ. ಬರೆದಿದ್ದನ್ನ ಓದಬೇಕು, ಉಳಿದವರು ಕೇಳಬೇಕು, ಮುಂದಿನ ವಾರ ಏನಾಯ್ತು ಅಂತ ಕೇಳಬೇಕು. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ರಾಜ್ಯೋತ್ಸವದ ಶಾಮಿಯಾನದ ಖರ್ಚಿನಲ್ಲಿ ಚೂರು ಉಳಿಸಿದರೆ ವರ್ಷವಿಡೀ ಇದು ನಡೆಯುತ್ತೆ. ಹೆಂಗಸರು ರಾತ್ರಿ ಹತ್ತರವರೆಗೂ ಕಾಯದೆ ಹಗಲು ಹೊತ್ತಿನಲ್ಲೇ ಬರೋ ಹಾಗೆ ಹೊತ್ತು ಇಡಿ. ಮಕ್ಕಳನ್ನ ಕರ್ಕೊಂಡೇ ಬರಲಿ.

ಇದನ್ನ ಯಾರೂ ಮಾಡಲಿಲ್ಲ ಅಂದ್ರೆ? ನೀವೇ ಮೂರು ಜನ ಸೇರ್ಕೊಳ್ಳಿ, ಕಾಯೋಕೆ ಮೂರು ಜನ ಸಾಕು. ಈ ಧನುರ್ಮಾಸಕ್ಕೆ ಶುರುಮಾಡಿ, ಐನೂರು ಪದದ ಲೆಕ್ಕದಲ್ಲಿ. ಯಾರಾದರೂ ನಡುವೆ ನಿಂತರೆ ಸೋತೆ ಅನ್ನೋ ಪದವನ್ನ ಬಾಯಿಗೆ ತರೋಕೆ ಬಿಡಬೇಡಿ. ಅವರ ಮನೆಗೆ ಹೋಗಿ, ಒಂದು ಲೋಟ ಕಾಫಿ ಕುಡಿದು, “ಎಲ್ಲಿಗೆ ನಿಲ್ಸಿದ್ದೆ, ಅದ್ನ ಓದು ನೋಡಾನ” ಅನ್ನಿ. ಬೇರು ಇನ್ನೂ ಹಸಿ ಇರುತ್ತೆ.